ನಾವು ಹಾರಿಸಿಬಿಟ್ಟ ಎಂಟನೆಯ ಹಾಡು

ಹತ್ತೊಂಬತ್ತು ಹಾಡುಗಳಿರುವ ಒಂದು ಸಿ.ಡಿ.ಯನ್ನು ಮೊದಲಿನಿಂದ ಕೊನೆಯವರೆಗೆ, ಒಂದನ್ನೂ ಬಿಡದೆ ಕೇಳಿ ಮುಗಿಸಲು ನನಗೆ 20 ವರ್ಷಗಳಿಗೂ ಹೆಚ್ಚು ಕಾಲ ಹಿಡಿಯಿತು. ಹಾಡುಗಳು ಕಠಿಣವಾಗಿದ್ದವು ಎಂದಲ್ಲ. ಮದುವೆಯ ಆರತಕ್ಷತೆಯಲ್ಲೂ ವಿಮಾನ ನಿಲ್ದಾಣದಲ್ಲೂ ಕಿವಿಗೆ ಬೀಳುವ, ಒಮ್ಮೆ ಕೇಳಿದರೆ ನಾಲಗೆಯ ಮೇಲೆ ಉಳಿಯುವ ಹಾಡುಗಳವು. ಒಂದೂಕಾಲು ಗಂಟೆಯಲ್ಲಿ ಮುಗಿದುಹೋಗುವ ಆ ಸಂಗ್ರಹದಲ್ಲಿ ಎಂಟನೆಯ ಹಾಡು ಆರಂಭವಾಗುತ್ತಿದ್ದಂತೆ ನಾನು ರಿಮೋಟಿನ ಗುಂಡಿ ಒತ್ತಿ ಒಂಬತ್ತನೆಯದಕ್ಕೆ ಹಾರಿಬಿಡುತ್ತಿದ್ದೆ. ಹಾಗೇಕೆ ಮಾಡುತ್ತಿದ್ದೆ, ಹಾಗೆ ಮಾಡಿದ್ದು ಸರಿಯೇ ಎಂಬ ಪ್ರಶ್ನೆಯನ್ನು ಇತ್ತೀಚೆಗೆ ನನ್ನ ಅಕ್ಕ ಎತ್ತಿದಳು. ಆಕೆಯ ಒಪ್ಪಿಗೆ ಪಡೆದೇ ಈ ಲೇಖನವನ್ನು ಬರೆಯುತ್ತಿದ್ದೇನೆ.

ಸಂಗ್ರಹದ ಹೆಸರು 'ಅಬ್ಬಾ ಗೋಲ್ಡ್'. ಸ್ವೀಡನ್ನಿನ ಅಬ್ಬಾ ತಂಡದ ಜನಪ್ರಿಯ ಗೀತೆಗಳನ್ನು ಒಟ್ಟುಗೂಡಿಸಿ 1992ರ ಸೆಪ್ಟೆಂಬರಿನಲ್ಲಿ ಹೊರತಂದದ್ದು. 2001ರಲ್ಲಿ ಬ್ರಿಗೇಡ್ ರಸ್ತೆಯ ಅಂಗಡಿಯೊಂದರಲ್ಲಿ ಅದನ್ನು ಕೊಂಡು ತಂದಾಗ ಹೆಸರು ಕೇಳಿ ನಮ್ಮ ತಾಯಿ ನಕ್ಕಿದ್ದರು. 'ಬಿಸಿಲಿನಿಂದ ಬಂದು ಕುರ್ಚಿಯಲ್ಲಿ ಕೂತವರು ಅನ್ನೋ ಮಾತಲ್ಲವೇನೋ ಇದು' ಎಂದಿದ್ದರು. ನಮ್ಮ ಅಬ್ಬಾ ಆಶ್ಚರ್ಯದ, ಆಯಾಸದ, ನೆಮ್ಮದಿಯ ಉದ್ಗಾರ. ಅವರದು ನಾಲ್ವರ ಹೆಸರಿನ ಮೊದಲ ಅಕ್ಷರಗಳು: ಆಗ್ನೆತಾ ಫೆಲ್ಟ್‌ಸ್ಕೋಗ್, ಬ್ಯೋರ್ನ್ ಉಲ್ವೇಯಸ್, ಬೆನ್ನಿ ಆಂಡರ್ಸನ್ ಮತ್ತು ಫ್ರೀಡಾ ಎಂದೇ ಎಲ್ಲರೂ ಕರೆಯುವ ಆನಿ-ಫ್ರಿಡ್ ಲಿಂಗ್‌ಸ್ಟಾಡ್. ಅದೇ ಹೆಸರಿನ ಮೀನು ಸಂಸ್ಕರಣಾ ಕಂಪನಿಯೊಂದು ಸ್ವೀಡನ್ನಿನಲ್ಲಿ ಮೊದಲೇ ಇದ್ದುದರಿಂದ ತಂಡ ಅದರ ಒಪ್ಪಿಗೆ ಪಡೆಯಬೇಕಾಯಿತು. ಜಗತ್ತೇ ಕುಣಿದ ಹೆಸರು ಮೊದಲು ಡಬ್ಬಿಯಲ್ಲಿಟ್ಟ ಮೀನಿನದಾಗಿತ್ತು ಎಂಬುದು ಜನಪ್ರಿಯ ಕಲೆಯ ಸ್ವಭಾವಕ್ಕೆ ಒಪ್ಪುವ ಸಂಗತಿಯೇ ಸರಿ.

1974ರ ಏಪ್ರಿಲ್ 6ರಂದು ಇಂಗ್ಲೆಂಡಿನ ಬ್ರೈಟನ್ ಪಟ್ಟಣದಲ್ಲಿ ನಡೆದ ಯೂರೋವಿಷನ್ ಗೀತಸ್ಪರ್ಧೆಯಲ್ಲಿ 'ವಾಟರ್‌ಲೂ' ಹಾಡಿ ಗೆದ್ದ ಮೇಲೆ ಈ ನಾಲ್ವರು ಜಗತ್ತಿಗೆ ಪರಿಚಿತರಾದರು. ಆಯಾ ದೇಶದವರು ತಮ್ಮ ಭಾಷೆಯಲ್ಲೇ ಹಾಡಬೇಕೆಂಬ ನಿಯಮವನ್ನು ಆ ವರ್ಷಗಳಲ್ಲಿ ಸಡಿಲಿಸಲಾಗಿತ್ತು. ಅದನ್ನು ಬಳಸಿಕೊಂಡು ಅವರು ಇಂಗ್ಲಿಷಿನಲ್ಲಿ ಹಾಡಿದರು. ಇಂಗ್ಲಿಷ್ ಅವರ ಮನೆಮಾತಲ್ಲ, ಕಲಿತ ಭಾಷೆ. ಆದ್ದರಿಂದಲೇ ಅವರ ಹಾಡುಗಳಲ್ಲಿ ಸಣ್ಣ ಪದಗಳು, ಸ್ಪಷ್ಟ ಉಚ್ಚಾರ, ನೇರವಾದ ವಾಕ್ಯಗಳು. ಅಮೆರಿಕದ, ಇಂಗ್ಲೆಂಡಿನ ವಿಮರ್ಶಕರು ಇದನ್ನು ಕೊರತೆ ಎಂದರು. ಪ್ರೌಢಶಾಲೆಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ನನ್ನಂಥವರಿಗೆ ಅದು ಉಪಕಾರವಾಯಿತು. ನಾನು ಪುಸ್ತಿಕೆ ನೋಡದೆ ಮಾತು ಹಿಡಿಯಬಲ್ಲೆನಾದ ಮೊದಲ ಇಂಗ್ಲಿಷ್ ಹಾಡುಗಳು ಇವರವು. ಹಾಗೆ ನೋಡಿದರೆ ಭಾರತಕ್ಕೆ ಇವರ ಧಾಟಿ ಬಂದದ್ದು ಇವರ ಹೆಸರಿಗಿಂತ ಮೊದಲೇ. 1977ರ 'ಹಮ್ ಕಿಸೀಸೆ ಕಮ್ ನಹೀಂ' ಹಿಂದಿ ಚಿತ್ರದಲ್ಲಿ ಆರ್.ಡಿ. ಬರ್ಮನ್ ಸಂಯೋಜಿಸಿದ ಗೀತೆಯೊಂದರಲ್ಲಿ 'ಮಮ್ಮಾ ಮಿಯಾ'ದ ರಾಗವನ್ನು ಯಾರು ಬೇಕಾದರೂ ಗುರುತಿಸಬಹುದು. ನಮ್ಮಲ್ಲಿ ಅನೇಕರು ಅಬ್ಬಾವನ್ನು ಅಬ್ಬಾ ಎಂದು ತಿಳಿಯದೆಯೇ ಗುನುಗಿದ್ದೇವೆ.

ಸುಲಭವಾಗಿ ಕೇಳಿಸುವುದನ್ನು ಸುಲಭವಾಗಿ ಮಾಡಲಾಗಿದೆ ಎಂದು ಭಾವಿಸುವುದು ನಮ್ಮೆಲ್ಲರ ತಪ್ಪು. ಈ ತಂಡದ ಧ್ವನಿಮುದ್ರಣ ತಜ್ಞ ಮೈಕೆಲ್ ಟ್ರೆಟೋವ್ ಒಂದು ಉಪಾಯ ಕಂಡುಕೊಂಡಿದ್ದರು. ಒಮ್ಮೆ ಹಾಡಿ ಮುಗಿಸಿದ್ದನ್ನು ಅದೇ ಗಾಯಕಿಯರಿಂದ ಮತ್ತೊಮ್ಮೆ ಹಾಡಿಸುವುದು, ನುಡಿಸಿದ್ದನ್ನು ಮತ್ತೊಮ್ಮೆ ನುಡಿಸುವುದು. ಎರಡನೆಯ ಸಲ ಟೇಪಿನ ವೇಗವನ್ನು ಕೂದಲೆಳೆಯಷ್ಟು ಬದಲಿಸುವುದು. ಎರಡೂ ಪದರಗಳು ಒಂದರ ಮೇಲೊಂದು ಕುಳಿತಾಗ ಶ್ರುತಿಯ ಅತಿಸೂಕ್ಷ್ಮ ವ್ಯತ್ಯಾಸದಿಂದ ಇಬ್ಬರ ಕಂಠ ಒಂದು ಸಮೂಹದಂತೆ ತುಂಬಿಕೊಂಡು ಕೇಳಿಸುತ್ತದೆ. ಅಮೆರಿಕದ ಫಿಲ್ ಸ್ಪೆಕ್ಟರ್ ಹತ್ತಾರು ವಾದಕರನ್ನು ಒಂದೇ ಕೋಣೆಯಲ್ಲಿ ಕೂರಿಸಿ ಸಾಧಿಸಿದ್ದನ್ನು ಇವರು ಕೆಲವೇ ಜನರನ್ನಿಟ್ಟುಕೊಂಡು, ತಾಳ್ಮೆಯಿಂದ ಸಾಧಿಸಿದರು. ಆಗ್ನೆತಾಳ ಏರುದನಿ, ಫ್ರೀಡಾಳ ಕೆಳಸ್ಥಾಯಿಯ ಗಾಢ ದನಿ ಬೆರೆತಾಗ ಹುಟ್ಟುವ ಮೂರನೆಯ ದನಿಯೊಂದಿದೆ. ಅದು ಇಬ್ಬರಲ್ಲಿ ಯಾರದೂ ಅಲ್ಲ. ಅಬ್ಬಾ ಎಂದರೆ ಅದು.

ಇಷ್ಟಿದ್ದೂ ಇವರನ್ನು ಮೆಚ್ಚುತ್ತೇನೆಂದು ಬಹಿರಂಗವಾಗಿ ಹೇಳಿಕೊಳ್ಳಲು ಒಂದು ಕಾಲದಲ್ಲಿ ಧೈರ್ಯ ಬೇಕಿತ್ತು. ಸ್ವೀಡನ್ನಿನಲ್ಲಿಯೇ ಎಪ್ಪತ್ತರ ದಶಕದಲ್ಲಿ ಎಡಪಂಥೀಯ ಒಲವಿನ ಸಂಗೀತ ಚಳವಳಿಯೊಂದು ಪ್ರಬಲವಾಗಿತ್ತು. ಹಾಡು ಮಾರಾಟದ ಸರಕಾಗಬಾರದು ಎನ್ನುವುದು ಅವರ ನಿಲುವು. ಅಬ್ಬಾ ಗೆದ್ದ ಕಾರಣ 1975ರ ಯೂರೋವಿಷನ್ ಸ್ಪರ್ಧೆ ಸ್ಟಾಕ್‌ಹೋಮಿಗೆ ಬಂದಾಗ ಅವರು ಅದೇ ನಗರದಲ್ಲಿ ಪರ್ಯಾಯ ಉತ್ಸವವನ್ನೇ ನಡೆಸಿದರು. ಹೊಳೆಯುವ ಉಡುಪು ತೊಟ್ಟು ಪ್ರೀತಿ-ಪ್ರೇಮ ಎಂದು ಹಾಡುವವರಿಗೆ ಲೋಕದ ನೋವು ಗೊತ್ತಿಲ್ಲ ಎಂಬುದು ಆಪಾದನೆ. ನಾನೂ ಕಾಲೇಜಿನ ದಿನಗಳಲ್ಲಿ ಇದೇ ಮಾತನ್ನು ನನ್ನದೇ ರೀತಿಯಲ್ಲಿ ಹೇಳುತ್ತಿದ್ದೆ. ಹಾಸ್ಟೆಲಿನ ಗೆಳೆಯನೊಬ್ಬ ಅಬ್ಬಾ ಕ್ಯಾಸೆಟ್ ಹಾಕಿದರೆ ಬಾಗಿಲು ಮುಚ್ಚಿಕೊಳ್ಳುತ್ತಿದ್ದೆ. ಬಂಡಾಯದ ಕವಿತೆ, ಇಲ್ಲವೇ ಹಿಂದೂಸ್ತಾನಿ ಸಂಗೀತ ಇವೆರಡೇ ಗಂಭೀರ. ಉಳಿದದ್ದು ಹೊತ್ತು ಕಳೆಯುವವರಿಗೆ ಎಂದು ತಿಳಿದಿದ್ದೆ. ಆ ಗೆಳೆಯ ಪ್ರತಿವಾದ ಮಾಡುತ್ತಿರಲಿಲ್ಲ, ದನಿ ತಗ್ಗಿಸುತ್ತಿದ್ದ. ಅವನಿಗೆ ಸಲ್ಲಬೇಕಾದ ಕ್ಷಮಾಪಣೆ ಇಂದಿಗೂ ಬಾಕಿಯಿದೆ.

ಲೋಕದ ನೋವು ಇವರಿಗೆ ಗೊತ್ತಿಲ್ಲ ಎನ್ನುವವರು ಫ್ರೀಡಾಳ ಬಾಲ್ಯವನ್ನು ನೋಡಬೇಕು. ಎರಡನೆಯ ಮಹಾಯುದ್ಧ ಮುಗಿದ ವರ್ಷ, 1945ರ ನವೆಂಬರಿನಲ್ಲಿ, ನಾರ್ವೆಯಲ್ಲಿ ಹುಟ್ಟಿದವಳು ಆಕೆ. ತಾಯಿ ನಾರ್ವೆಯ ಹುಡುಗಿ, ತಂದೆ ಆಕ್ರಮಣಕಾರಿ ಜರ್ಮನ್ ಸೇನೆಯ ಸೈನಿಕ. ಅಂಥ ತಾಯಂದಿರನ್ನೂ ಮಕ್ಕಳನ್ನೂ ಊರು ಕ್ಷಮಿಸದಿದ್ದ ಕಾಲ. ಅಜ್ಜಿ ಮಗುವನ್ನೆತ್ತಿಕೊಂಡು ಸ್ವೀಡನ್ನಿಗೆ ಹೋದರು. ತಾಯಿ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡಳು. ಯುದ್ಧದಲ್ಲಿ ಸತ್ತನೆಂದು ನಂಬಿದ್ದ ತಂದೆ ಬದುಕಿದ್ದಾನೆಂದು ಫ್ರೀಡಾಗೆ ತಿಳಿದದ್ದು 1977ರಲ್ಲಿ, ಆಕೆ ಜಗತ್ಪ್ರಸಿದ್ಧಳಾದ ಮೇಲೆ, ಜರ್ಮನಿಯ ಪತ್ರಿಕೆಯೊಂದರ ಮೂಲಕ. ಇದಾವುದೂ ಹಾಡುಗಳಲ್ಲಿ ನೇರವಾಗಿ ಬರುವುದಿಲ್ಲ. ಬರಬೇಕಾಗಿಯೂ ಇಲ್ಲ. ಆದರೆ ಕುಣಿಸುವ ತಾಳದ ಅಡಿಯಲ್ಲಿ ಒಂದು ವಿಷಾದದ ಎಳೆ ಇವರ ಬಹುತೇಕ ಹಾಡುಗಳಲ್ಲಿ ಹರಿಯುತ್ತದೆ. ವರ್ಷದ ಅರ್ಧಭಾಗ ಕತ್ತಲೆಯಲ್ಲಿ ಕಳೆಯುವ ನಾಡಿನ ಜಾನಪದ ಸಂಗೀತದ ಗುಣ ಅದು ಎನ್ನುವವರಿದ್ದಾರೆ. ಬೆನ್ನಿ ಬಾಲ್ಯದಲ್ಲಿ ಕಲಿತ ವಾದ್ಯ ಅಕಾರ್ಡಿಯನ್. ಬ್ಯೋರ್ನ್ ಮೊದಲು ಹಾಡುತ್ತಿದ್ದದ್ದು ಜಾನಪದ ಶೈಲಿಯ ತಂಡದಲ್ಲಿ. ಆ ಎಳೆ ಎಲ್ಲಿಂದ ಬಂತೆಂದು ಬೇರೆ ಹುಡುಕಬೇಕಿಲ್ಲ.

1982ರ ಕೊನೆಗೆ ತಂಡ ಯಾವ ಘೋಷಣೆಯನ್ನೂ ಮಾಡದೆ ನಿಂತುಹೋಯಿತು. ಆ ದಶಕದುದ್ದಕ್ಕೂ ಅಬ್ಬಾ ಎಂದರೆ ಹಳೆಯ ಫ್ಯಾಷನ್ನು, ನಗೆಪಾಟಲು. ಹತ್ತು ವರ್ಷಗಳ ನಂತರ ಕಪ್ಪು ಹೊದಿಕೆಯ ಮೇಲೆ ಬಂಗಾರದ ಅಕ್ಷರಗಳಿದ್ದ ಈ ಸಂಗ್ರಹ ಬಂತು. ಮುಖಪುಟದಲ್ಲಿ ನಾಲ್ವರ ಚಿತ್ರವಿಲ್ಲ. ಹಳೆಯ ಉಡುಪುಗಳನ್ನು ಕಂಡು ನಗುವವರಿಗೆ ನಗಲು ಏನೂ ಸಿಗಲಿಲ್ಲ, ಹಾಡು ಮಾತ್ರ ಉಳಿಯಿತು. ಅದೇ ವರ್ಷ ಬ್ರಿಟನ್ನಿನ ಇರೇಷರ್ ಜೋಡಿ ಅಬ್ಬಾದ ನಾಲ್ಕು ಹಾಡುಗಳನ್ನು ಮರುಹಾಡಿ ಅಲ್ಲಿನ ಪಟ್ಟಿಯ ತುದಿಗೇರಿತ್ತು. 1999ರಲ್ಲಿ ಇದೇ ಹಾಡುಗಳನ್ನು ಪೋಣಿಸಿದ 'ಮಮ್ಮಾ ಮಿಯಾ!' ನಾಟಕ ಲಂಡನ್ನಿನಲ್ಲಿ ಆರಂಭವಾಯಿತು, 2008ರಲ್ಲಿ ಚಲನಚಿತ್ರವಾಯಿತು. 2021ರ ಜುಲೈನಲ್ಲಿ 'ಅಬ್ಬಾ ಗೋಲ್ಡ್' ಬ್ರಿಟನ್ನಿನ ಆಲ್ಬಂ ಪಟ್ಟಿಯಲ್ಲಿ 1000 ವಾರ ಪೂರೈಸಿದ ಮೊತ್ತಮೊದಲ ಆಲ್ಬಂ ಆಯಿತು. ಪರ್ಯಾಯ ಉತ್ಸವದವರ ಹಾಡುಗಳನ್ನು ಇಂದು ಸ್ವೀಡನ್ನಿನ ಹೊರಗೆ ಎಷ್ಟು ಜನ ಬಲ್ಲರು? ಜನಪ್ರಿಯವಾದದ್ದೆಲ್ಲ ಶ್ರೇಷ್ಠ ಎಂದು ನಾನು ವಾದಿಸುತ್ತಿಲ್ಲ. ಆದರೆ ಕಾಲವೆಂಬ ಪರೀಕ್ಷಕನಿಗೆ ನಮ್ಮ ಹಾಸ್ಟೆಲಿನ ಸಿದ್ಧಾಂತಗಳು ಗೊತ್ತಿರುವುದಿಲ್ಲ.

ಇನ್ನು ಎಂಟನೆಯ ಹಾಡು.

ಈ ಸಂಗ್ರಹದಲ್ಲಿ ಹಾಡುಗಳು ಕಾಲಾನುಕ್ರಮದಲ್ಲಿಲ್ಲ. ಮೊದಲನೆಯದು 1976ರ 'ಡಾನ್ಸಿಂಗ್ ಕ್ವೀನ್'. ಅವರಿಗೆ ಹೆಸರು ತಂದ 1974ರ 'ವಾಟರ್‌ಲೂ' ಇರುವುದು ಕಟ್ಟಕಡೆಗೆ. ಆರಂಭವನ್ನು ಕೊನೆಯಲ್ಲಿಟ್ಟರೆ ಮುಗಿದುಹೋದ ಕಥೆಯೊಂದು ಮುಗಿದಂತೆ ಕಾಣುವುದಿಲ್ಲ. ತಂಡದಲ್ಲಿದ್ದದ್ದು ಎರಡು ಜೋಡಿ. ಆಗ್ನೆತಾ ಮತ್ತು ಬ್ಯೋರ್ನ್ 1971ರಲ್ಲಿ ಮದುವೆಯಾದರು, 1979ರ ಜನವರಿಯಲ್ಲಿ ತಾವು ಬೇರೆಯಾಗುತ್ತಿದ್ದೇವೆಂದು ಪ್ರಕಟಿಸಿದರು, 1980ರಲ್ಲಿ ವಿಚ್ಛೇದನವಾಯಿತು. ಬೆನ್ನಿ ಮತ್ತು ಫ್ರೀಡಾ 1978ರಲ್ಲಿ ಮದುವೆಯಾಗಿ 1981ರಲ್ಲಿ ಬೇರ್ಪಟ್ಟರು. ಬಿಡಿಯಾಗಿ ಬಂದ ಹಾಡುಗಳನ್ನು ಇಸವಿಯ ಪ್ರಕಾರ ಜೋಡಿಸಿ ಕೇಳಿದರೆ ಎರಡು ಸಂಸಾರಗಳು ಕಟ್ಟಿಕೊಂಡು ಮುರಿದುಬಿದ್ದ ಸದ್ದು ಕೇಳಿಸೀತು. ಸಂಗ್ರಹ ಅದನ್ನು ಕಲಸಿಬಿಟ್ಟಿದೆ. ಸಂತೋಷದ ನಡುವೆ ಒಂದೊಂದು ಹಾಡು ಮಾತ್ರ ಬೇರೆಯದೇ ಮುಖ ಮಾಡಿಕೊಂಡು ನಿಂತಿದೆ.

ಅಂಥದ್ದು ಎಂಟನೆಯ 'ದ ವಿನ್ನರ್ ಟೇಕ್ಸ್ ಇಟ್ ಆಲ್'. ಗೆದ್ದವರಿಗೇ ಎಲ್ಲವೂ ಎಂದು ಅರ್ಥ. 1980ರ ಜುಲೈನಲ್ಲಿ ಬಿಡುಗಡೆಯಾಯಿತು. ಸಾಹಿತ್ಯ ಬರೆದವನು ಬ್ಯೋರ್ನ್. ಹಾಡಿದವಳು ಆತನಿಂದ ಆಗತಾನೇ ಬೇರ್ಪಟ್ಟ ಆಗ್ನೆತಾ. ಬಿಟ್ಟುಹೋದವನ ಮುಂದೆ ನಿಂತು, ಸೋತವಳು ತಾನು ಎಂದು ಒಪ್ಪಿಕೊಳ್ಳುತ್ತಲೇ ಎಲ್ಲವನ್ನೂ ಹೇಳಿಬಿಡುವ ಹೆಂಗಸಿನ ಮಾತು ಅದು. ಇಸ್ಪೀಟಿನಾಟದ, ದಾಳದ, ತೀರ್ಪುಗಾರರ ರೂಪಕಗಳಲ್ಲಿ ಕಥೆ ಸಾಗುತ್ತದೆ. ಗಂಡ ಬರೆದ ಮಾತನ್ನು ಹೆಂಡತಿಯಾಗಿದ್ದವಳು ಅವನ ಕಡೆಗೇ ತಿರುಗಿ ಹಾಡಿದ ಇಂಥ ಪ್ರಸಂಗ ಜನಪ್ರಿಯ ಸಂಗೀತದಲ್ಲಿ ವಿರಳ. ಇದು ತಮ್ಮ ಬದುಕಿನ ಅಕ್ಷರಶಃ ವರದಿಯಲ್ಲ, ತಮ್ಮ ವಿಚ್ಛೇದನದಲ್ಲಿ ಗೆದ್ದವರು ಸೋತವರು ಎಂದಿರಲಿಲ್ಲ ಎಂದು ಬ್ಯೋರ್ನ್ ಹಲವು ಸಲ ಹೇಳಿದ್ದಾನೆ. ಆ ಮಾತನ್ನು ನಂಬಲು ಕಾರಣವೂ ಇದೆ. ಇದೇ ಸಂಗ್ರಹದ ಎರಡನೆಯ ಹಾಡು 'ನೋಯಿಂಗ್ ಮಿ, ನೋಯಿಂಗ್ ಯು' ಖಾಲಿಯಾದ ಮನೆಯಲ್ಲಿ ಬೇರೆಯಾಗುವ ಜೋಡಿಯನ್ನು ಕುರಿತದ್ದು. ಅದನ್ನು ಮಾಡಿದ್ದು 1976ರಲ್ಲಿ, ಎರಡೂ ಜೋಡಿಗಳು ಒಟ್ಟಿಗಿದ್ದಾಗ. ಅಗಲಿಕೆಯನ್ನು ಅವರು ಮೊದಲು ಕಲ್ಪಿಸಿಕೊಂಡರು, ಅನುಭವಿಸಿದ್ದು ಆಮೇಲೆ.

ನಮ್ಮ ಮನೆಯಲ್ಲಿ ಅನುಭವ ಮೊದಲು ಬಂತು. ಅದನ್ನು ಹೇಳುವ ಮಾತು ಮಾತ್ರ ಬರಲೇ ಇಲ್ಲ.

2003ರಲ್ಲಿ ಅಕ್ಕ ಏಳು ವರ್ಷಗಳ ದಾಂಪತ್ಯವನ್ನು ಬಿಟ್ಟು ರಾಜಾಜಿನಗರದ ನಮ್ಮ ಮನೆಗೆ ಮರಳಿದಳು. ಬ್ಯಾಂಕಿನಲ್ಲಿ ಕೆಲಸದಲ್ಲಿದ್ದಳು, ಬೆಂಗಳೂರಿಗೆ ವರ್ಗ ಮಾಡಿಸಿಕೊಂಡಿದ್ದಳು. ಅಕ್ಕಪಕ್ಕದವರು ಕೇಳಿದರೆ 'ಟ್ರಾನ್ಸ್‌ಫರ್ ಆಗಿದೆ' ಎಂದು ನಮ್ಮ ತಾಯಿ ಹೇಳುತ್ತಿದ್ದರು. ಸುಳ್ಳಂತೂ ಅಲ್ಲ. ಗೌರಿಹಬ್ಬದ ಅರಿಶಿನ-ಕುಂಕುಮಕ್ಕೆ ಕರೆಯಲು ಬಂದವರು ಅವಳನ್ನು ಕಂಡು ಹೊಸ್ತಿಲಲ್ಲಿ ಒಂದು ಕ್ಷಣ ತಡವರಿಸಿ, ತಾಯಿಯವರಿಗಷ್ಟೇ ಹೇಳಿ ಹೋಗುತ್ತಿದ್ದರು. ಮದುವೆಯ ಆಲ್ಬಂ ಷೋಕೇಸಿನಿಂದ ಬೀರುವಿನ ಮೇಲಕ್ಕೆ, ಅಲ್ಲಿಂದ ಅಟ್ಟಕ್ಕೆ ಹೋಯಿತು. ತಂದೆಯವರು ಊಟದ ಹೊತ್ತಿನಲ್ಲಿ ರಾಜಕೀಯ ಮಾತಾಡುತ್ತಿದ್ದರು. ಯಾರೂ ಅವಳನ್ನು ಬೈಯಲಿಲ್ಲ, ಯಾರೂ ಏನನ್ನೂ ಕೇಳಲಿಲ್ಲ. ಒಳ್ಳೆಯ ಮನೆತನ ಎಂದರೆ ಹೀಗಿರಬೇಕು ಎಂದು ನಾವೇ ಅಂದುಕೊಂಡೆವು.

ಭಾನುವಾರ ಬೆಳಿಗ್ಗೆ ನಾನು ಈ ಸಿ.ಡಿ. ಹಾಕುತ್ತಿದ್ದೆ. ಮನೆಯಲ್ಲಿ ಸ್ವಲ್ಪ ಗೆಲುವಿರಲಿ ಎಂಬ ಆಸೆ. ಏಳನೆಯ ಹಾಡು ಮುಗಿಯುವ ಹೊತ್ತಿಗೆ ರಿಮೋಟ್ ನನ್ನ ಕೈಯಲ್ಲಿರುತ್ತಿತ್ತು. ಎಂಟನೆಯದರ ಪಿಯಾನೋ ಎರಡು ಸುತ್ತು ಬರುವಷ್ಟರಲ್ಲಿ 'ಮನಿ, ಮನಿ, ಮನಿ' ಆರಂಭವಾಗಿಬಿಡುತ್ತಿತ್ತು. ಅಕ್ಕನಿಗೆ ನೋವಾಗದಿರಲಿ ಎಂಬುದು ನನ್ನ ಉದ್ದೇಶ. ನನ್ನ ಸೂಕ್ಷ್ಮತೆಯ ಬಗ್ಗೆ ನನಗೆ ಸಣ್ಣ ಹೆಮ್ಮೆಯೂ ಇತ್ತು. ವಿಚ್ಛೇದನ ಕೈಗೆ ಬರಲು ನಾಲ್ಕು ವರ್ಷ ಹಿಡಿಯಿತು. ಆ ನಾಲ್ಕು ವರ್ಷವೂ, ಅನಂತರವೂ, ಹಾಡು ಬಂದಾಗಲೆಲ್ಲ ಹಾಗೆಯೇ ಮಾಡಿದೆ. ಅದು ಅಭ್ಯಾಸವಾಯಿತು.

ಕಳೆದ ಬೇಸಿಗೆಯಲ್ಲಿ ಅಕ್ಕ, ನಾನು, ನನ್ನ ಮಗಳು ಕಾರಿನಲ್ಲಿ ಶಿವಮೊಗ್ಗಕ್ಕೆ ಹೊರಟಿದ್ದೆವು. ಮಗಳು ತನ್ನ ಮೊಬೈಲಿನಿಂದ ಇದೇ ಸಂಗ್ರಹ ಹಾಕಿದ್ದಳು. ತಿಪಟೂರು ದಾಟಿದ ಮೇಲೆ ಎಂಟನೆಯ ಹಾಡು ಬಂತು. ಯೋಚಿಸದೆ ನನ್ನ ಕೈ ಮುಂದಕ್ಕೆ ಹೋಯಿತು. ಹಿಂದಿನ ಸೀಟಿನಿಂದ ಅಕ್ಕ, 'ಬಿಡೋ, ಅದು ಇರಲಿ' ಎಂದಳು. ಆಮೇಲೆ ಸಹಜವಾಗಿ ಹೇಳಿದಳು: 'ಇಪ್ಪತ್ತು ವರ್ಷದಿಂದ ಇದನ್ನೇ ಮಾಡ್ತಾ ಬಂದಿದ್ದೀಯ. ಆ ಪ್ಲೇಟಿನಲ್ಲಿ ನನಗೆ ಬೇಕಾಗಿದ್ದದ್ದು ಅದೊಂದೇ ಹಾಡು. ನೀವೆಲ್ಲ ಹೊರಗೆ ಹೋದಾಗ ಹಾಕಿಕೊಂಡು ಕೇಳ್ತಿದ್ದೆ.'

ನಾನು ಏನೂ ಹೇಳಲಿಲ್ಲ. ಹಾಡು ಪೂರ್ತಿ, ಐದು ನಿಮಿಷಕ್ಕೆ ಸ್ವಲ್ಪ ಕಡಿಮೆ, ಕೇಳಿದೆವು. ಮುಗಿದ ಮೇಲೆ ಮಗಳು, 'ಹಾಗಾದರೆ ಯಾರು ಗೆದ್ದರು ಅತ್ತೆ?' ಎಂದಳು. ಅವಳ ತಲೆಮಾರಿಗೆ ಇಂಥ ಪ್ರಶ್ನೆ ಕೇಳಲು ಹೆದರಿಕೆಯಿಲ್ಲ. ಅಕ್ಕ ನಕ್ಕು, 'ಯಾರೂ ಇಲ್ಲ ಕಣೇ. ಇಬ್ಬರು ವಕೀಲರು ಗೆದ್ದರು' ಎಂದಳು. ಆಮೇಲೆ ಅವರಿಬ್ಬರೂ ಅರಸೀಕೆರೆಯವರೆಗೆ ಮಾತಾಡಿದರು. ಆ ನಾಲ್ಕು ವರ್ಷ ಕೋರ್ಟಿನ ಮೊಗಸಾಲೆಯಲ್ಲಿ ಯಾರ ಪಕ್ಕದಲ್ಲಿ ಕೂರುತ್ತಿದ್ದಳು, ತಿಂಡಿಯ ಡಬ್ಬಿಯಲ್ಲಿ ಏನು ಒಯ್ಯುತ್ತಿದ್ದಳು, ಆದೇಶ ಬಂದ ದಿನ ಬ್ಯಾಂಕಿಗೆ ರಜೆ ಹಾಕದೆ ಮಧ್ಯಾಹ್ನ ಕೌಂಟರಿನಲ್ಲಿ ಕುಳಿತದ್ದು ಯಾಕೆ. ಒಂದೇ ಸೂರಿನಡಿ ಇದ್ದ ನನಗೆ ಇವಾವುವೂ ಗೊತ್ತಿರಲಿಲ್ಲ.

ಅಂದಿನಿಂದ ನಾನು ಯೋಚಿಸುತ್ತಿರುವುದು ಇಷ್ಟು. ಅಂದು ನಾನು ರಕ್ಷಿಸುತ್ತಿದ್ದದ್ದು ಯಾರನ್ನು? ಅಕ್ಕನ ಎದುರು ಆ ಹಾಡು ನುಡಿದರೆ ಅವಳ ಮುಖ ನೋಡಬೇಕಾಗುತ್ತಿತ್ತು, ನೋಡಿದ ಮೇಲೆ ಏನಾದರೂ ಕೇಳಬೇಕಾಗುತ್ತಿತ್ತು. ಆ ಕಷ್ಟದಿಂದ ನನ್ನನ್ನು ನಾನು ಪಾರುಮಾಡಿಕೊಂಡೆ. ದಾಕ್ಷಿಣ್ಯ ಎಂದು ನಾವು ಕರೆಯುವುದರಲ್ಲಿ ಬಹುಪಾಲು ಇಂಥದ್ದೇ. ನಮ್ಮ ಮಧ್ಯಮವರ್ಗದ ಮನೆಗಳು ತಮ್ಮ ಬದುಕಿನಿಂದ ಆಯ್ದ ಹಾಡುಗಳ ಸಂಗ್ರಹವೊಂದನ್ನು ಸದಾ ಸಿದ್ಧವಾಗಿಟ್ಟುಕೊಂಡಿರುತ್ತವೆ. ಮಗನ ರ್‍ಯಾಂಕು, ಮಗಳ ಮದುವೆ, ಅಮೆರಿಕದ ವೀಸಾ, ಗೃಹಪ್ರವೇಶ. ಬಂದವರ ಮುಂದೆ ಅದನ್ನೇ ನುಡಿಸುತ್ತೇವೆ. ಮುರಿದ ಮದುವೆ, ಕೈಬಿಟ್ಟ ಕೆಲಸ, ಮನೋವೈದ್ಯರ ಚೀಟಿ ಇವೆಲ್ಲ ಬಂದಾಗ ಗುಂಡಿ ಒತ್ತಿ ಮುಂದಕ್ಕೆ ಹೋಗುತ್ತೇವೆ. ವಿಚಿತ್ರವೆಂದರೆ, ಲಾಭಕ್ಕಾಗಿಯೇ ಹಾಡುಗಳನ್ನು ಆಯ್ದ ಕಂಪನಿ ನಮಗಿಂತ ಪ್ರಾಮಾಣಿಕವಾಗಿತ್ತು. ಕುಣಿಯುವ ಹಾಡುಗಳ ನಡುಮಧ್ಯೆ ವಿಚ್ಛೇದನದ ಹಾಡನ್ನು ಅದು ಮುಚ್ಚುಮರೆಯಿಲ್ಲದೆ ಇಟ್ಟಿತ್ತು. ಅದನ್ನು ಕತ್ತರಿಸಿ ತೆಗೆದವನು ನಾನು.

ಈ ಹಾಡನ್ನು ಅದು ಹುಟ್ಟಿದ ದೇಶದ ಕಾನೂನಿನೊಂದಿಗೆ ಇಟ್ಟು ನೋಡುವುದು ಉಪಯುಕ್ತ. ಸ್ವೀಡನ್ 1973ರಲ್ಲಿ ವಿವಾಹ ಕಾನೂನನ್ನು ಬದಲಿಸಿ, 1974ರ ಆರಂಭದಿಂದ ವಿಚ್ಛೇದನಕ್ಕೆ ತಪ್ಪು ಯಾರದೆಂದು ಸಾಬೀತುಪಡಿಸುವ ಅಗತ್ಯವನ್ನೇ ತೆಗೆದುಹಾಕಿತು. ಇಬ್ಬರಲ್ಲಿ ಒಬ್ಬರು ಕೇಳಿದರೆ ಸಾಕು. ಚಿಕ್ಕ ಮಕ್ಕಳಿದ್ದರೆ ಅಥವಾ ಇನ್ನೊಬ್ಬರು ಒಪ್ಪದಿದ್ದರೆ ಆರು ತಿಂಗಳು ಯೋಚಿಸಲು ಅವಕಾಶ. ಕಾನೂನಿನ ಕಣ್ಣಿನಲ್ಲಿ ಅಲ್ಲಿ ಗೆದ್ದವರೂ ಇಲ್ಲ, ಸೋತವರೂ ಇಲ್ಲ. ಅದಾಗಿ ಆರು ವರ್ಷಗಳ ನಂತರ ಬಂದ ಈ ಹಾಡಿನ ಹೆಂಗಸು ಮಾತ್ರ ಲೆಕ್ಕ ಹಾಕುತ್ತಲೇ ಇದ್ದಾಳೆ. ಕಾನೂನು ಕೈಬಿಟ್ಟ ಲೆಕ್ಕವನ್ನು ಮನಸ್ಸು ಕೈಬಿಟ್ಟಿರುವುದಿಲ್ಲ. ಅದನ್ನು ಗಟ್ಟಿಯಾಗಿ ಹೇಳಿಕೊಳ್ಳಲು ಒಂದು ಜಾಗ ಬೇಕು. ಅವರಿಗೆ ಹಾಡು ಆ ಜಾಗ ಒದಗಿಸಿತು.

ನಮ್ಮಲ್ಲಿ 1955ರ ಹಿಂದೂ ವಿವಾಹ ಕಾಯ್ದೆಗೆ ಪರಸ್ಪರ ಒಪ್ಪಿಗೆಯ ವಿಚ್ಛೇದನ ಸೇರಿದ್ದು 1976ರಲ್ಲಿ. ಒಪ್ಪಿಗೆ ಇಲ್ಲದಿದ್ದರೆ ಕ್ರೌರ್ಯ, ಪರಿತ್ಯಾಗ ಎಂದು ಒಬ್ಬರು ಇನ್ನೊಬ್ಬರ ತಪ್ಪನ್ನು ಸಾಬೀತುಪಡಿಸಬೇಕು. ಒಪ್ಪಿಗೆಯ ಅರ್ಜಿಗಳಲ್ಲಿ ಆರು ತಿಂಗಳ ಕಾಯುವಿಕೆಯನ್ನು ಸೂಕ್ತ ಪ್ರಕರಣಗಳಲ್ಲಿ ಮನ್ನಾ ಮಾಡಬಹುದೆಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿತು. ಸರಿಪಡಿಸಲಾಗದಂತೆ ಮುರಿದ ಮದುವೆಯನ್ನು ತನ್ನ ವಿಶೇಷಾಧಿಕಾರದಿಂದ ತಾನು ರದ್ದುಪಡಿಸಬಹುದೆಂದು 2023ರಲ್ಲಿ ಅದರ ಸಂವಿಧಾನ ಪೀಠ ತೀರ್ಪಿತ್ತಿತು. ಕಾನೂನು ನಿಧಾನವಾಗಿಯಾದರೂ ನಡೆಯುತ್ತಿದೆ. ಹೊಸ್ತಿಲಲ್ಲಿ ತಡವರಿಸುವ ಕುಂಕುಮದ ಬಟ್ಟಲು ಎಷ್ಟು ದೂರ ನಡೆದಿದೆ ಎಂಬುದನ್ನು ಓದುಗರು ತಮ್ಮ ತಮ್ಮ ಬೀದಿಯಲ್ಲಿ ನೋಡಿ ಹೇಳಬೇಕು.

ಹಾಗೆಂದು ಸಂಗ್ರಹವೇ ಎಲ್ಲವನ್ನೂ ಹೇಳುತ್ತದೆ ಎಂದಲ್ಲ. ಗೆದ್ದ ಹಾಡುಗಳನ್ನಷ್ಟೇ ಆಯ್ದಾಗ ಬಿಟ್ಟುಹೋದವುಗಳೂ ಇರುತ್ತವೆ. ಫ್ರೀಡಾ ತನ್ನ ಅಗಲಿಕೆಯ ಕಾಲದಲ್ಲಿ ಹಾಡಿದ, 1981ರ 'ವೆನ್ ಆಲ್ ಈಸ್ ಸೆಡ್ ಅಂಡ್ ಡನ್' ಇದರಲ್ಲಿಲ್ಲ. ಅದರಲ್ಲಿ ದೂರು ಇಲ್ಲ, ಸೋಲು-ಗೆಲುವಿನ ಲೆಕ್ಕವೂ ಇಲ್ಲ. ನಡುವಯಸ್ಸಿಗೆ ಬಂದ ಇಬ್ಬರು ಒಬ್ಬರನ್ನೊಬ್ಬರು ಗೌರವದಿಂದ ಬೀಳ್ಕೊಡುವ ಹಾಡು. 1982ರ 'ದ ಡೇ ಬಿಫೋರ್ ಯು ಕೇಮ್' ಕೂಡ ಇಲ್ಲಿಲ್ಲ. ರೈಲು ಹಿಡಿದು ಕಚೇರಿಗೆ ಹೋಗಿ, ಸಂಜೆ ಮರಳಿ, ಟಿ.ವಿ. ನೋಡಿ ಮಲಗುವ ಒಂಟಿ ಹೆಂಗಸಿನ ಒಂದು ಸಾಮಾನ್ಯ ದಿನವನ್ನು ಆರು ನಿಮಿಷ ವರದಿಯಂತೆ ಹೇಳುತ್ತಾ ಹೋಗುವ ಅದು, ನನ್ನ ಮಟ್ಟಿಗೆ ಇವರ ಅತ್ಯುತ್ತಮ ರಚನೆ. ಹೆಚ್ಚು ಜನಪ್ರಿಯವಾಗದ ಕಾರಣ ಇವೆರಡೂ 1993ರ ಎರಡನೆಯ ಸಂಗ್ರಹಕ್ಕೆ ಕಾಯಬೇಕಾಯಿತು. ಸಂಗ್ರಹ ಕೇಳಿ ಅಲ್ಲಿಗೇ ನಿಲ್ಲುವವರು ಮುಂದಿನ ಮೆಟ್ಟಿಲೇರಿ ಇವುಗಳನ್ನೂ ಕೇಳಲಿ ಎಂದು ಸಲಹೆ ಮಾಡುತ್ತೇನೆ.

2021ರಲ್ಲಿ ಈ ನಾಲ್ವರು, ಎಲ್ಲರೂ 70 ದಾಟಿದ ಮೇಲೆ, 40 ವರ್ಷಗಳ ಬಿಡುವಿನ ನಂತರ ಹೊಸ ಆಲ್ಬಂ ತಂದರು. 2022ರ ಮೇ ತಿಂಗಳಿಂದ ಲಂಡನ್ನಿನಲ್ಲಿ ಅವರ ಡಿಜಿಟಲ್ ರೂಪಗಳು ವೇದಿಕೆಯ ಮೇಲೆ ಹಾಡತೊಡಗಿದವು. ಆ ರೂಪಗಳಿಗೆ ಕೊಟ್ಟ ವಯಸ್ಸು 1979ರದು. ತಂಡ ಯಶಸ್ಸಿನ ತುದಿಯಲ್ಲಿದ್ದ ವರ್ಷ, ಸರಿ. ಮೊದಲ ಮದುವೆ ಮುರಿದ ಸುದ್ದಿಯನ್ನು ಜಗತ್ತಿಗೆ ತಿಳಿಸಿದ ವರ್ಷವೂ ಅದೇ. ಬೇರ್ಪಟ್ಟ ಮೇಲೂ ಒಟ್ಟಿಗೆ ನಿಂತು ಹಾಡಬಲ್ಲವರಾಗಿದ್ದ ಆ ವಯಸ್ಸಿನಲ್ಲಿ ತಮ್ಮನ್ನು ನೆನಪಿಡಲಿ ಎಂದು ಅವರು ಒಪ್ಪಿದ್ದು ನನಗೆ ಇಷ್ಟವಾಯಿತು.

ಜನಪ್ರಿಯ ಹಾಡು ಸಮಾಜವನ್ನು ಬದಲಿಸುತ್ತದೆ ಎಂಬ ಭ್ರಮೆ ನನಗಿಲ್ಲ. ಆದರೆ ಮನೆಯವರು ಕೇಳಲಾರದ ಪ್ರಶ್ನೆಯನ್ನು ಅದು ಅಡುಗೆಮನೆಯವರೆಗೆ ತಂದು ಇಡಬಲ್ಲದು. ಅದನ್ನು ಕೀಳೆಂದು ಬಾಗಿಲು ಮುಚ್ಚಿಕೊಳ್ಳುವುದೂ ಹಿತವಾದಷ್ಟನ್ನೇ ಆಯ್ದುಕೊಳ್ಳುವುದೂ ಕೊನೆಗೆ ಒಂದೇ. ಎರಡರಲ್ಲೂ ಕೇಳಬೇಕಾದದ್ದು ಕೇಳಿಸುವುದಿಲ್ಲ. ಹಾಸ್ಟೆಲಿನಲ್ಲಿ ಮೊದಲನೆಯದನ್ನು ಮಾಡಿದೆ, ಮನೆಯಲ್ಲಿ ಎರಡನೆಯದನ್ನು. ನಿಮ್ಮ ಮನೆಯಲ್ಲೂ ಯಾರೋ ಒಬ್ಬರು, ನೀವು ಹೊರಗೆ ಹೋಗುವುದನ್ನೇ ಕಾದು, ನೀವು ಹಾರಿಸಿಬಿಟ್ಟ ಹಾಡನ್ನು ಹಾಕಿಕೊಳ್ಳುತ್ತಿರಬಹುದು. ಮುಂದಿನ ಭಾನುವಾರ ರಿಮೋಟನ್ನು ಅವರ ಕೈಗೆ ಕೊಟ್ಟು ನೋಡಿ.

ಕಳೆದ ತಿಂಗಳು ಅಕ್ಕ ಬೆಂಗಳೂರಿನಲ್ಲೇ ತನ್ನದೊಂದು ಚಿಕ್ಕ ಮನೆ ಮಾಡಿದಳು. ಹಳೆಯ ಸಿ.ಡಿ.ಯನ್ನು ಕೇಳಿ ತೆಗೆದುಕೊಂಡು ಹೋಗಿದ್ದಾಳೆ. ಅದನ್ನು ನುಡಿಸುವ ಯಂತ್ರ ಕೆಟ್ಟು ಎಷ್ಟೋ ವರ್ಷವಾಯಿತು. 'ಪರವಾಗಿಲ್ಲ, ರಿಪೇರಿ ಮಾಡಿಸ್ತೀನಿ' ಎಂದಳು.